ಧೂಮಪಾನ ತ್ಯಜಿಸುವ ವಿಧಾನ: ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೀಡಿ, ಸಿಗರೇಟು ಸೇದುವವರಲ್ಲಿ ಬಹಳಷ್ಟು ಮಂದಿ ಅದನ್ನು ಬಿಡಬೇಕೆಂದು ಒಮ್ಮೆಯಾದರೂ ಮನಸ್ಸು ಮಾಡಿರುತ್ತಾರೆ. ಎರಡು ದಿನ ಬಿಟ್ಟು ಮೂರನೆಯ ದಿನ ಮತ್ತೆ ಹಚ್ಚಿದವರು, ಯುಗಾದಿಗೆ ಬಿಟ್ಟು ಮಳೆಗಾಲ ಬರುವಷ್ಟರಲ್ಲಿ ಹಳೆಯ ಚಟಕ್ಕೆ ಮರಳಿದವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಇದನ್ನು ಮನೋಬಲದ ಕೊರತೆ ಎಂದು ಭಾವಿಸುವುದು ಸರಿಯಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ರಾಸಾಯನಿಕವು ಮಿದುಳನ್ನು ತನಗೆ ಒಗ್ಗಿಸಿಕೊಳ್ಳುವುದರಿಂದ ಈ ಚಟವು ಚಿಕಿತ್ಸೆ ಅಗತ್ಯವಿರುವ ವ್ಯಸನವಾಗಿರುತ್ತದೆ.

ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯ (2016-17) ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಇವರಲ್ಲಿ ಧೂಮಪಾನಿಗಳು ಶೇ. 8.8ರಷ್ಟಿದ್ದು, ಜಗಿಯುವ ಹಾಗೂ ಇತರ ಹೊಗೆರಹಿತ ತಂಬಾಕು ಬಳಸುವವರು ಶೇ. 16.3ರಷ್ಟಿದ್ದರು. ಎರಡನ್ನೂ ಬಳಸುವವರು ಎರಡೂ ಲೆಕ್ಕದಲ್ಲಿ ಸೇರಿರುತ್ತಾರೆ.

ಧೂಮಪಾನವನ್ನು ಬಿಡಬಯಸುವವರು ಹೇಗೆ ಸಿದ್ಧರಾಗಬೇಕು, ಮೊದಲ ವಾರಗಳನ್ನು ಹೇಗೆ ದಾಟಬೇಕು, ಯಾವ ಔಷಧಿಗಳು ನೆರವಾಗುತ್ತವೆ, ನೆರವು ಎಲ್ಲಿ ದೊರೆಯುತ್ತದೆ ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

1. ಬೆಳಗಾವಿ ಜಿಲ್ಲೆ ಮತ್ತು ತಂಬಾಕು

ಬೆಳಗಾವಿ ಜಿಲ್ಲೆಗೆ ತಂಬಾಕು ಹೊರಗಿನಿಂದ ಬಂದ ವಸ್ತುವಲ್ಲ. ಜಿಲ್ಲೆಯ ನಿಪ್ಪಾಣಿ ಭಾಗವು ಬೀಡಿ ತಂಬಾಕಿನ ಬೆಳೆಗೂ ವ್ಯಾಪಾರಕ್ಕೂ ಬಹುಕಾಲದಿಂದ ಹೆಸರಾಗಿದೆ. ಬೆಳೆಗೆ ತಕ್ಕ ಬೆಲೆ ದೊರೆಯಬೇಕೆಂದು 1981ರಲ್ಲಿ ಅಲ್ಲಿನ ಬೆಳೆಗಾರರು ಹೆದ್ದಾರಿಯಲ್ಲಿ ನಡೆಸಿದ ಚಳವಳಿ ದೇಶದ ಗಮನ ಸೆಳೆದಿತ್ತು. ಬೀಡಿ ಕಟ್ಟುವ ಕೆಲಸದಿಂದ ಅನೇಕ ಮಹಿಳೆಯರು ಸಂಸಾರ ತೂಗಿಸಿದ್ದಾರೆ. ಈ ಕಾರಣದಿಂದ ಜಿಲ್ಲೆಯಲ್ಲಿ ಬೀಡಿ ಸೇದುವುದು, ಸುಣ್ಣದೊಡನೆ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಮಹಿಳೆಯರು ಮಿಶ್ರಿಯಿಂದ ಹಲ್ಲುಜ್ಜುವುದು ಇವೆಲ್ಲ ಮನೆಯೊಳಗಿನ ರೂಢಿಗಳಾಗಿ ಉಳಿದಿವೆ. ಮನೆಯ ಹಿರಿಯರು ಬಳಸುತ್ತಿದ್ದುದನ್ನು ಕಿರಿಯರು ಅಪಾಯವೆಂದು ಎಣಿಸುವುದು ಕಷ್ಟ.

ಬೆಳಗಾವಿ ನಗರದಲ್ಲಿ ಉದ್ಯಮಬಾಗ್ ಮುಂತಾದ ಕೈಗಾರಿಕಾ ಪ್ರದೇಶಗಳ ಫೌಂಡ್ರಿ ಹಾಗೂ ಯಂತ್ರಭಾಗ ತಯಾರಿಕಾ ಘಟಕಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಬಿಡುವಿನ ವೇಳೆಯೆಂದರೆ ಚಹಾ ಮತ್ತು ಸಿಗರೇಟಿನ ವೇಳೆಯಾಗಿದೆ. ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭಾ ನದಿ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಸುತ್ತಮುತ್ತಲಿನ ಕಾಡಂಚಿನ ಹಳ್ಳಿಗಳಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುತ್ತದೆ. ಚಳಿಗೆ ಬೀಡಿ ಸೇದಿದರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆ ಅಲ್ಲಿ ಬಲವಾಗಿದೆ. ವಾಸ್ತವದಲ್ಲಿ ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೈಬೆರಳು, ಕಾಲ್ಬೆರಳುಗಳಿಗೆ ರಕ್ತದ ಹರಿವು ಕಡಿಮೆಯಾಗಿ ಅವು ಇನ್ನಷ್ಟು ತಣ್ಣಗಾಗುತ್ತವೆ.

2. ಬೀಡಿಯು ಸಿಗರೇಟಿಗಿಂತ ಕಡಿಮೆ ಅಪಾಯಕಾರಿಯೇ?

ಇದು ತಪ್ಪು ತಿಳುವಳಿಕೆಯಾಗಿದೆ. ಬೀಡಿಯಲ್ಲಿ ತಂಬಾಕಿನ ಪ್ರಮಾಣ ಕಡಿಮೆ ಇದ್ದರೂ, ಅದನ್ನು ಸುತ್ತಿದ ಎಲೆಯು ಸುಲಭವಾಗಿ ಉರಿಯುವುದಿಲ್ಲ. ಮೇಲಿಂದ ಮೇಲೆ ಎಳೆಯದಿದ್ದರೆ ಬೀಡಿ ಆರಿಹೋಗುತ್ತದೆ. ಆದ್ದರಿಂದ ಸೇದುವವರು ಹೆಚ್ಚು ಬಾರಿ, ಹೆಚ್ಚು ಆಳವಾಗಿ ಹೊಗೆಯನ್ನು ಎಳೆದುಕೊಳ್ಳುತ್ತಾರೆ. ಇದರಿಂದ ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ನಿಕೋಟಿನ್ ಹೇರಳವಾಗಿ ಶ್ವಾಸಕೋಶಗಳಿಗೆ ಸೇರುತ್ತವೆ. ಬಾಯಿ, ಗಂಟಲು ಮತ್ತು ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ, ದೀರ್ಘಕಾಲದ ಉಬ್ಬಸ ಇವು ಬೀಡಿ ಸೇದುವವರಿಗೂ ಬರುತ್ತವೆ. ಸಿಗರೇಟಿನಿಂದ ಬೀಡಿಗೆ ಬದಲಾಯಿಸಿದರೆ ಧೂಮಪಾನ ಬಿಟ್ಟಂತಾಗುವುದಿಲ್ಲ.

ಹಾಗೆಯೇ ಧೂಮಪಾನ ಬಿಟ್ಟು ಗುಟ್ಕಾ, ಮಾವಾ, ಖೈನಿ ಅಥವಾ ತಂಬಾಕು ಬೆರೆಸಿದ ಎಲೆ ಅಡಿಕೆಗೆ ಬದಲಾಯಿಸುವುದರಿಂದ ವ್ಯಸನವು ಹಾಗೆಯೇ ಉಳಿದು, ಬಾಯಿಯ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ತಂಬಾಕು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಇ-ಸಿಗರೇಟುಗಳ ತಯಾರಿಕೆ, ಮಾರಾಟ ಮತ್ತು ಸಂಗ್ರಹಣೆಯನ್ನು 2019ರಲ್ಲಿ ದೇಶದಾದ್ಯಂತ ನಿಷೇಧಿಸಲಾಗಿದೆ.

3. ಬಿಡುವುದು ಏಕೆ ಕಷ್ಟ?

ಹೊಗೆಯೊಂದಿಗೆ ಒಳಹೋದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ ಕ್ಷಣಕಾಲ ಹಿತವೆನಿಸುವಂತೆ ಮಾಡುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಮಿದುಳು ಮತ್ತೆ ಅದನ್ನೇ ಬಯಸುತ್ತದೆ. ಸೇದಿದ ಕೂಡಲೇ ಸಿಗುವ ಸಮಾಧಾನವು ಬಹುಮಟ್ಟಿಗೆ ಹಿಂದಿನ ಬೀಡಿಯು ಉಂಟುಮಾಡಿದ ಚಡಪಡಿಕೆಯನ್ನು ಇಳಿಸಿಕೊಂಡ ಸಮಾಧಾನವಾಗಿರುತ್ತದೆ.

ತಂಬಾಕು ನಿಲ್ಲಿಸಿದಾಗ ಕಂಡುಬರುವ ತೊಂದರೆಗಳನ್ನು ಹಿಂತೆಗೆತದ ಚಿಹ್ನೆಗಳು ಎಂದು ಕರೆಯಲಾಗುತ್ತದೆ. ಅವುಗಳೆಂದರೆ:

- ತಡೆಯಲಾಗದ ಚಪಲ ಅಥವಾ ತಲುಬು
- ಸಿಡಿಮಿಡಿ, ಕೋಪ, ಚಡಪಡಿಕೆ
- ಬೇಸರ, ಮನಸ್ಸು ಕುಗ್ಗುವುದು
- ಏಕಾಗ್ರತೆಯ ಕೊರತೆ
- ನಿದ್ರೆ ಸರಿಯಾಗಿ ಬಾರದಿರುವುದು
- ಹಸಿವು ಹೆಚ್ಚುವುದು, ಮಲಬದ್ಧತೆ
- ಕೆಲವರಲ್ಲಿ ಬಾಯಿಹುಣ್ಣು ಮತ್ತು ಕೆಲದಿನ ಹೆಚ್ಚಾಗುವ ಕೆಮ್ಮು

ಈ ಚಿಹ್ನೆಗಳು ಸಾಮಾನ್ಯವಾಗಿ ಎರಡು ಮೂರನೆಯ ದಿನ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಬಹಳಷ್ಟು ಜನರು ಮರಳಿ ಸೇದುವುದು ಈ ಮೊದಲ ದಿನಗಳಲ್ಲಿಯೇ. ತೊಂದರೆಯು ಎಂದೆಂದಿಗೂ ಹೀಗೆಯೇ ಇರುತ್ತದೆ ಎಂದು ಅವರು ಭಾವಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಅವಧಿಗೆ ಒಂದು ಕೊನೆ ಇದೆ ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯಕ.

4. ಬಿಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

(ಅ) ದಿನಾಂಕ ನಿಗದಿಪಡಿಸುವುದು: ಮುಂದಿನ ಎರಡು ವಾರಗಳೊಳಗೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಮದುವೆ, ಜಾತ್ರೆ, ಗಣೇಶೋತ್ಸವದ ರಾತ್ರಿಗಳು, ಸುಗ್ಗಿಯ ಒತ್ತಡ ಇರುವ ದಿನಗಳನ್ನು ಬಿಟ್ಟು ಸಾಧಾರಣ ದಿನವೊಂದನ್ನು ಆರಿಸುವುದು ಒಳ್ಳೆಯದು. ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮನೆಯವರಿಗೂ ಒಬ್ಬ ಸ್ನೇಹಿತನಿಗೂ ತಿಳಿಸಬೇಕು.

(ಆ) ದಿನಚರಿ ಬರೆಯುವುದು: ನಾಲ್ಕು ದಿನಗಳ ಕಾಲ ಸೇದಿದ ಪ್ರತಿ ಬೀಡಿ ಅಥವಾ ಸಿಗರೇಟಿನ ಸಮಯ, ಸ್ಥಳ, ಜೊತೆಗಿದ್ದವರು ಮತ್ತು ಕಾರಣವನ್ನು ಒಂದು ಚೀಟಿಯಲ್ಲಿ ಬರೆಯಬೇಕು. ಮಾದರಿಗಾಗಿ ಕಾರ್ಖಾನೆಯ ಕಾರ್ಮಿಕರೊಬ್ಬರ ದಿನಚರಿ ಹೀಗಿರಬಹುದು:

- ಬೆಳಿಗ್ಗೆ 6.00: ಶೌಚಕ್ಕೆ ಹೋಗುವ ಮುನ್ನ, ಒಬ್ಬರೇ, ರೂಢಿಯಿಂದ
- ಬೆಳಿಗ್ಗೆ 7.45: ಕಾರ್ಖಾನೆಯ ಗೇಟಿನ ಬಳಿಯ ಚಹಾ ಅಂಗಡಿ, ಇಬ್ಬರು ಸಹೋದ್ಯೋಗಿಗಳೊಂದಿಗೆ
- ಮಧ್ಯಾಹ್ನ 1.30: ಊಟವಾದ ನಂತರ
- ಸಂಜೆ 4.30: ಮೇಲ್ವಿಚಾರಕರೊಂದಿಗೆ ಮಾತಿಗೆ ಮಾತು ಬೆಳೆದ ಮೇಲೆ, ಸಿಟ್ಟಿನಿಂದ
- ರಾತ್ರಿ 9.30: ಮನೆಯ ಕಟ್ಟೆಯ ಮೇಲೆ, ಬೇಸರಕ್ಕೆ

ಇಂತಹ ಪಟ್ಟಿಯಿಂದ ಯಾವುದು ರೂಢಿಯದು, ಯಾವುದು ಸಂಗದ್ದು, ಯಾವುದು ಮನಸ್ಸಿನ ಒತ್ತಡದ್ದು ಎಂಬುದು ಸ್ಪಷ್ಟವಾಗುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕಾಗುತ್ತದೆ.

(ಇ) ಕಾರಣಗಳನ್ನು ಬರೆದಿಡುವುದು: ಬಿಡಲು ಇರುವ ಸ್ವಂತ ಕಾರಣಗಳನ್ನು ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. "ಆರೋಗ್ಯಕ್ಕಾಗಿ" ಎಂಬ ಸಾಮಾನ್ಯ ಮಾತಿಗಿಂತ "ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ" ಎಂಬ ನಿರ್ದಿಷ್ಟ ಕಾರಣವು ಕಷ್ಟದ ಗಳಿಗೆಯಲ್ಲಿ ಹೆಚ್ಚು ನೆರವಾಗುತ್ತದೆ.

(ಈ) ಖರ್ಚಿನ ಲೆಕ್ಕ: ದಿನಕ್ಕೆ 30 ರೂಪಾಯಿ ಬೀಡಿಗೆ ಖರ್ಚು ಮಾಡುವವರು ವರ್ಷಕ್ಕೆ 10,950 ರೂಪಾಯಿಗಳನ್ನು ಸುಡುತ್ತಾರೆ. ದಿನಕ್ಕೆ 100 ರೂಪಾಯಿ ಸಿಗರೇಟಿಗೆ ಹಾಕುವವರು ವರ್ಷಕ್ಕೆ 36,500 ರೂಪಾಯಿಗಳನ್ನು ಕಳೆಯುತ್ತಾರೆ. ಆ ಹಣವನ್ನು ಪ್ರತಿದಿನ ಒಂದು ಡಬ್ಬಿಗೆ ಹಾಕುತ್ತ ಹೋದರೆ ಲಾಭವು ಕಣ್ಣಿಗೆ ಕಾಣುತ್ತದೆ.

(ಉ) ಹಿಂದಿನ ರಾತ್ರಿ: ಉಳಿದ ಬೀಡಿ ಕಟ್ಟು, ಸಿಗರೇಟು ಪ್ಯಾಕು, ಲೈಟರ್, ಬೂದಿಬಟ್ಟಲು ಎಲ್ಲವನ್ನೂ ಮನೆಯಿಂದಲೂ ವಾಹನದಿಂದಲೂ ಕೆಲಸದ ಸ್ಥಳದ ಕಪಾಟಿನಿಂದಲೂ ತೆಗೆದುಹಾಕಬೇಕು. "ಅಕಸ್ಮಾತ್ ಬೇಕಾದರೆ" ಎಂದು ಒಂದನ್ನು ಬಚ್ಚಿಡಬಾರದು. ಹೊಗೆಯ ವಾಸನೆ ಹಿಡಿದ ಸ್ವೆಟರ್, ಹೊದಿಕೆಗಳನ್ನು ಒಗೆಯುವುದು ಒಳಿತು.

ಹಂತ ಹಂತವಾಗಿ ಕಡಿಮೆ ಮಾಡಿ ಬಿಡುವುದಕ್ಕಿಂತ ಗೊತ್ತುಪಡಿಸಿದ ದಿನ ಪೂರ್ತಿಯಾಗಿ ನಿಲ್ಲಿಸುವುದು ಹೆಚ್ಚಿನವರಿಗೆ ಫಲ ನೀಡುತ್ತದೆ. ಕಡಿಮೆ ಮಾಡುತ್ತಲೇ ಬಿಡಬಯಸುವವರು ಕೊನೆಯ ದಿನಾಂಕವನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಂಡಿರಬೇಕು.

5. ಚಪಲ ಬಂದಾಗ ಮಾಡಬೇಕಾದುದು

ಚಪಲದ ಅಲೆಯು ಸಾಮಾನ್ಯವಾಗಿ ಐದಾರು ನಿಮಿಷ ಮಾತ್ರ ತೀವ್ರವಾಗಿರುತ್ತದೆ. ಸೇದಿದರೂ ಸೇದದಿದ್ದರೂ ಅದು ಇಳಿಯುತ್ತದೆ. ಆ ಕೆಲವು ನಿಮಿಷಗಳನ್ನು ಕಳೆಯಲು ಈ ನಾಲ್ಕು ಉಪಾಯಗಳನ್ನು ಅನುಸರಿಸಬಹುದು:

- ಮುಂದೂಡುವುದು: ಗಡಿಯಾರ ನೋಡಿ ಹತ್ತು ನಿಮಿಷ ಕಾಯುವುದು.
- ದೀರ್ಘ ಉಸಿರಾಟ: ಮೂಗಿನಿಂದ ನಿಧಾನವಾಗಿ ಉಸಿರೆಳೆದು ಬಾಯಿಯಿಂದ ಬಿಡುವುದು. ಹೀಗೆ ಹತ್ತು ಬಾರಿ ಮಾಡುವುದು.
- ನೀರು ಕುಡಿಯುವುದು: ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು.
- ಬೇರೆ ಕೆಲಸ: ಇದ್ದ ಜಾಗ ಬಿಟ್ಟು ಎದ್ದು ನಡೆದಾಡುವುದು, ಯಾರೊಂದಿಗಾದರೂ ಮಾತನಾಡುವುದು, ಕೈಗೆ ಕೆಲಸ ಕೊಡುವುದು.

ಬಾಯಿಗೆ ಏನಾದರೂ ಬೇಕೆನಿಸಿದರೆ ಸೋಂಪು, ಜೀರಿಗೆ, ಲವಂಗ, ಏಲಕ್ಕಿ, ಒಣ ನೆಲ್ಲಿಕಾಯಿ ಅಥವಾ ಹುರಿದ ಶೇಂಗಾ ಬಳಸಬಹುದು. ಅಡಿಕೆ ಬಳಸಬಾರದು.

6. ಕಷ್ಟದ ಸಂದರ್ಭಗಳು

ಬೆಳಗಿನ ಶೌಚ: ಬೀಡಿ ಸೇದದೆ ಹೊಟ್ಟೆ ಸರಿಯಾಗುವುದಿಲ್ಲ ಎಂಬ ದೂರು ಸಾಮಾನ್ಯವಾಗಿದೆ. ನಿಕೋಟಿನ್ ಕರುಳಿನ ಚಲನೆಯನ್ನು ಹೆಚ್ಚಿಸುವುದು ನಿಜ. ಬಿಟ್ಟ ಮೊದಲ ಎರಡು ಮೂರು ವಾರ ಮಲಬದ್ಧತೆ ಇರಬಹುದು. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ಆಹಾರದಲ್ಲಿ ಜೋಳದ ರೊಟ್ಟಿ, ಸೊಪ್ಪು, ಮೊಳಕೆಕಾಳು, ಬಾಳೆಹಣ್ಣು ಇವುಗಳಿಂದ ಕರುಳು ತನ್ನ ಕ್ರಮಕ್ಕೆ ಮರಳುತ್ತದೆ.

ಚಹಾ: ಧೂಮಪಾನವು ದೇಹದಿಂದ ಕೆಫೀನ್ ಅಂಶವನ್ನು ಬೇಗ ಹೊರಹಾಕುತ್ತದೆ. ಧೂಮಪಾನ ನಿಂತ ಮೇಲೆ ಅಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಉಳಿದು ಎದೆಬಡಿತ, ಚಡಪಡಿಕೆ, ನಿದ್ರಾಹೀನತೆ ಉಂಟಾಗಬಹುದು. ಇದನ್ನು ಬೀಡಿ ಬಿಟ್ಟದ್ದರ ತೊಂದರೆ ಎಂದೇ ಅನೇಕರು ತಿಳಿಯುತ್ತಾರೆ. ಆದ್ದರಿಂದ ಬಿಟ್ಟ ದಿನದಿಂದ ಚಹಾ, ಕಾಫಿಯನ್ನು ಅರ್ಧಕ್ಕೆ ಇಳಿಸುವುದು ಉತ್ತಮ. ಎಂದಿನ ಚಹಾ ಅಂಗಡಿಯ ಬದಲು ಕೆಲವು ವಾರ ಬೇರೆಡೆ ಕುಡಿಯುವುದು, ಅಥವಾ ಮಜ್ಜಿಗೆ, ಲಿಂಬೆ ಶರಬತ್ತಿಗೆ ಬದಲಾಯಿಸುವುದು ಸಹಾಯಕ.

ಊಟದ ನಂತರ: ತಟ್ಟೆ ಬಿಟ್ಟು ಎದ್ದ ಕೂಡಲೇ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು, ಹತ್ತು ನಿಮಿಷ ನಡೆಯುವುದು.

ಗೆಳೆಯರ ಗುಂಪು: "ಒಂದರಿಂದ ಏನಾಗುತ್ತದೆ" ಎಂದು ಒತ್ತಾಯಿಸುವವರಿಗೆ ವಿವರಣೆ ನೀಡುತ್ತ ಕೂರುವ ಅಗತ್ಯವಿಲ್ಲ. "ಬಿಟ್ಟಿದ್ದೇನೆ, ಬೇಡ" ಎಂಬ ಎರಡು ಮಾತು ಸಾಕು. "ಬಿಡಲು ಪ್ರಯತ್ನಿಸುತ್ತಿದ್ದೇನೆ" ಎಂದರೆ ಒತ್ತಾಯ ಹೆಚ್ಚುತ್ತದೆ.

ಮದ್ಯಪಾನ: ಬಿಟ್ಟವರು ಮರಳಿ ಸೇದುವ ಸಂದರ್ಭಗಳಲ್ಲಿ ಮದ್ಯದ ಕೂಟವು ಪ್ರಮುಖವಾಗಿದೆ. ಕನಿಷ್ಠ ಮೊದಲ ಮೂರು ತಿಂಗಳು ಅದರಿಂದ ದೂರವಿರಬೇಕು.

ಮಳೆ, ಚಳಿ ಮತ್ತು ಕಾಡಿನ ಕೆಲಸ: ಗದ್ದೆ, ಕಾಡಿನಲ್ಲಿ ದುಡಿಯುವವರು ಬಿಸಿ ಗಂಜಿ, ಶುಂಠಿ ಕಷಾಯ, ಒಣ ಬಟ್ಟೆ ಹಾಗೂ ಕಂಬಳಿಯಿಂದ ಮೈ ಬೆಚ್ಚಗಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿಧಾಮ ಮತ್ತು ಸುತ್ತಲಿನ ಕಾಡುಗಳಲ್ಲಿ ತರಗೆಲೆ ಒಣಗಿರುತ್ತದೆ. ಆರದೆ ಎಸೆದ ಒಂದು ಬೀಡಿ ತುಂಡು ಕಾಡ್ಗಿಚ್ಚಿಗೆ ಕಾರಣವಾಗಬಲ್ಲುದು.

7. ಔಷಧಿಗಳ ನೆರವು

ಯಾವ ನೆರವೂ ಇಲ್ಲದೆ ಬಿಡಲು ಯತ್ನಿಸಿದವರಲ್ಲಿ ಪ್ರತಿ ಪ್ರಯತ್ನಕ್ಕೆ ನೂರಕ್ಕೆ ಸುಮಾರು ಮೂರರಿಂದ ಐದು ಮಂದಿ ಮಾತ್ರ ಆರು ತಿಂಗಳಿಂದ ಒಂದು ವರ್ಷದವರೆಗೆ ದೂರ ಉಳಿಯುತ್ತಾರೆ ಎಂದು ಅಧ್ಯಯನಗಳು ತಿಳಿಸುತ್ತವೆ. ಆಪ್ತಸಮಾಲೋಚನೆ ಮತ್ತು ಔಷಧಿ ಎರಡೂ ಸೇರಿದಾಗ ಯಶಸ್ಸಿನ ಸಾಧ್ಯತೆ ಗಮನಾರ್ಹವಾಗಿ ಹೆಚ್ಚುತ್ತದೆ.

ನಿಕೋಟಿನ್ ಗಮ್: ಇದು ಹೊಗೆಯ ವಿಷಗಳಿಲ್ಲದೆ ಅಲ್ಪ ಪ್ರಮಾಣದ ನಿಕೋಟಿನ್ ಒದಗಿಸಿ ಚಡಪಡಿಕೆಯನ್ನು ತಗ್ಗಿಸುತ್ತದೆ. 2 ಮಿ.ಗ್ರಾಂ. ಮತ್ತು 4 ಮಿ.ಗ್ರಾಂ. ಪ್ರಮಾಣಗಳಲ್ಲಿ ದೊರೆಯುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದುವವರಲ್ಲಿ ವ್ಯಸನ ಹೆಚ್ಚಿರುವುದರಿಂದ ಅಂಥವರಿಗೆ ವೈದ್ಯರು ಸಾಮಾನ್ಯವಾಗಿ 4 ಮಿ.ಗ್ರಾಂ. ಸೂಚಿಸುತ್ತಾರೆ. ಬಳಸುವ ಕ್ರಮ ಹೀಗಿದೆ:

- ಎಲೆ ಅಡಿಕೆಯಂತೆ ಒಂದೇ ಸಮನೆ ಜಗಿಯಬಾರದು. ಖಾರದ ಅಥವಾ ಜುಮ್ಮೆನ್ನುವ ರುಚಿ ಬರುವವರೆಗೆ ಮಾತ್ರ ನಿಧಾನವಾಗಿ ಜಗಿಯಬೇಕು.
- ನಂತರ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ರುಚಿ ಕಡಿಮೆಯಾದಾಗ ಮತ್ತೆ ಜಗಿದು, ಬಾಯಿಯ ಇನ್ನೊಂದು ಬದಿಗೆ ಇಡಬೇಕು.
- ಹೀಗೆ ಸುಮಾರು ಅರ್ಧ ಗಂಟೆ ಬಳಸಿ ಉಗುಳಬೇಕು. ಬಳಸುವ 15 ನಿಮಿಷ ಮೊದಲು ಹಾಗೂ ಬಳಸುವಾಗ ಚಹಾ, ಕಾಫಿ, ಹುಳಿ ಪಾನೀಯ ಸೇವಿಸಬಾರದು.
- ಮೊದಲ ವಾರಗಳಲ್ಲಿ ಒಂದೆರಡು ಗಂಟೆಗೊಮ್ಮೆ ಬಳಸಿ, ನಂತರ ಕ್ರಮೇಣ ಕಡಿಮೆ ಮಾಡುತ್ತ ಸುಮಾರು ಮೂರು ತಿಂಗಳಲ್ಲಿ ನಿಲ್ಲಿಸಬೇಕು.

ಬೇಗ ಬೇಗ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆತೊಳಸು, ಎದೆಯುರಿ ಬರುತ್ತದೆ. "ಗಮ್ ಒಗ್ಗಲಿಲ್ಲ" ಎನ್ನುವವರಲ್ಲಿ ಅನೇಕರು ಬಳಸುವ ಕ್ರಮದಲ್ಲಿಯೇ ತಪ್ಪಿರುತ್ತಾರೆ.

ಇತರ ಔಷಧಿಗಳು: ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಳು, ಬ್ಯುಪ್ರೋಪಿಯಾನ್ ಹಾಗೂ ವರೆನಿಕ್ಲಿನ್ ಮಾತ್ರೆಗಳು ಬಳಕೆಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇವುಗಳನ್ನು ಶಿಫಾರಸು ಮಾಡಿದೆ. ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಮೂರ್ಛೆರೋಗ ಇರುವವರು ಬ್ಯುಪ್ರೋಪಿಯಾನ್ ಸೇವಿಸುವಂತಿಲ್ಲ.

8. ವಿಶೇಷ ಎಚ್ಚರಿಕೆ ವಹಿಸಬೇಕಾದವರು

ಕ್ಷಯರೋಗಿಗಳು: ಧೂಮಪಾನಿಗಳಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಚಿಕಿತ್ಸೆಯ ನಡುವೆ ಸೇದುತ್ತಿದ್ದರೆ ಗುಣವಾಗುವುದು ನಿಧಾನವಾಗುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು "ಬೀಡಿಯ ಕೆಮ್ಮು" ಎಂದು ಕಡೆಗಣಿಸದೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಬೇಕು. ಕಫದಲ್ಲಿ ರಕ್ತ, ದನಿ ಒಡೆಯುವುದು, ಬಾಯಿಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ತೋರಿಸಿಕೊಳ್ಳಬೇಕು.

ಮಧುಮೇಹ ಮತ್ತು ಹೃದ್ರೋಗ ಇರುವವರು: ಧೂಮಪಾನ ಬಿಟ್ಟ ಮೇಲೆ ಇನ್ಸುಲಿನ್ ಪ್ರಮಾಣದಲ್ಲಿ ಬದಲಾವಣೆ ಬೇಕಾಗಬಹುದು. ರಕ್ತದ ಸಕ್ಕರೆ ಪರೀಕ್ಷಿಸುತ್ತಿರಬೇಕು. ಇತ್ತೀಚೆಗೆ ಹೃದಯಾಘಾತವಾದವರು ನಿಕೋಟಿನ್ ಗಮ್ ಬಳಸುವ ಮುನ್ನ ವೈದ್ಯರನ್ನು ಕೇಳಬೇಕು.

ಮಾನಸಿಕ ಚಿಕಿತ್ಸೆಯಲ್ಲಿರುವವರು: ಕ್ಲೋಜಪಿನ್‌ನಂತಹ ಕೆಲವು ಔಷಧಿಗಳ ಪ್ರಮಾಣವನ್ನು ಧೂಮಪಾನ ನಿಂತ ನಂತರ ಇಳಿಸಬೇಕಾಗುತ್ತದೆ. ಬಿಡುವ ದಿನಾಂಕವನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು.

ಗರ್ಭಿಣಿಯರು: ಮಿಶ್ರಿ, ನಶ್ಯ, ತಂಬಾಕು ಎಲೆ ಸೇರಿದಂತೆ ಎಲ್ಲ ರೂಪದ ತಂಬಾಕು ಹೊಟ್ಟೆಯಲ್ಲಿರುವ ಮಗುವಿನ ತೂಕವನ್ನು ಕುಗ್ಗಿಸುತ್ತದೆ. ಮನೆಯಲ್ಲಿ ಇತರರು ಬಿಡುವ ಹೊಗೆಯೂ ಹಾನಿಕರ. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಔಷಧಿ ಬಳಸಬಾರದು.

9. ನೆರವು ದೊರೆಯುವ ಸ್ಥಳಗಳು

- ಬೆಳಗಾವಿ ನಗರ: ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬಿಮ್ಸ್) ಜಿಲ್ಲಾ ಆಸ್ಪತ್ರೆ. ಜನಸಾಮಾನ್ಯರು ಇದನ್ನು ಸಿವಿಲ್ ಆಸ್ಪತ್ರೆ ಎಂದು ಕರೆಯುತ್ತಾರೆ. ಹೊರರೋಗಿ ವಿಭಾಗದಲ್ಲಿ ತಂಬಾಕು ಬಿಡಬೇಕೆಂದು ತಿಳಿಸಿದರೆ ಸಂಬಂಧಿಸಿದ ವಿಭಾಗಕ್ಕೆ ಕಳುಹಿಸಲಾಗುತ್ತದೆ.
- ಖಾನಾಪುರ: ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಹಾಗೂ ಆಯಾ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳು. ಮೊಬೈಲ್ ಸಂಪರ್ಕ ಸರಿಯಾಗಿ ದೊರೆಯದ ಕಾಡಂಚಿನ ಹಳ್ಳಿಗಳವರು ಆಶಾ ಕಾರ್ಯಕರ್ತೆಯರ ಮೂಲಕ ಮಾಹಿತಿ ಪಡೆಯಬಹುದು.
- ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ: 1800-11-2356 (ಉಚಿತ ಕರೆ). ಈ ಸಂಖ್ಯೆಯು ಬೀಡಿ, ಸಿಗರೇಟು ಪ್ಯಾಕುಗಳ ಮೇಲೆಯೇ ಮುದ್ರಿತವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯ ಕೇಂದ್ರಗಳಲ್ಲಿ ಒಂದಾಗಿದ್ದು, ಕನ್ನಡದಲ್ಲಿ ಸಮಾಲೋಚನೆ ದೊರೆಯುತ್ತದೆ.
- ಟೆಲಿ ಮಾನಸ್: 14416. ಬಿಟ್ಟ ನಂತರ ಮನಸ್ಸು ತೀರ ಕುಗ್ಗಿದರೆ ಈ ಉಚಿತ ಸಂಖ್ಯೆಗೆ ಕರೆ ಮಾಡಬಹುದು.

ಆಸ್ಪತ್ರೆಗೆ ಹೋಗುವಾಗ ದಿನಚರಿಯ ಚೀಟಿ ಮತ್ತು ಸೇವಿಸುತ್ತಿರುವ ಔಷಧಿಗಳ ವಿವರ ಒಯ್ಯಬೇಕು.

10. ಮತ್ತೆ ಸೇದಿದಲ್ಲಿ

ಒಂದು ಬೀಡಿ ಸೇದಿದ ಮಾತ್ರಕ್ಕೆ ಎಲ್ಲವೂ ಮುಗಿಯಿತು ಎಂದು ಭಾವಿಸಬಾರದು. ಒಂದು ಬಾರಿ ಜಾರುವುದು ಬೇರೆ, ಪೂರ್ತಿ ಹಳೆಯ ಚಟಕ್ಕೆ ಮರಳುವುದು ಬೇರೆ. ಜಾರಿದವರು ಉಳಿದ ಕಟ್ಟನ್ನು ಅಲ್ಲಿಯೇ ಎಸೆದು, ಯಾವ ಸಂದರ್ಭದಲ್ಲಿ ಜಾರಿದೆನೆಂದು ಬರೆದುಕೊಂಡು, ಅದೇ ದಿನದಿಂದ ಮತ್ತೆ ಮುಂದುವರಿಯಬೇಕು. ಶಾಶ್ವತವಾಗಿ ಬಿಟ್ಟ ಹೆಚ್ಚಿನವರು ಒಂದೇ ಪ್ರಯತ್ನದಲ್ಲಿ ಬಿಟ್ಟವರಲ್ಲ. ಹಿಂದಿನ ಪ್ರಯತ್ನವು ಹತ್ತು ದಿನವೇ ಉಳಿದಿದ್ದರೂ, ಆ ಹತ್ತು ದಿನ ಹೇಗೆ ಸಾಧ್ಯವಾಯಿತು ಮತ್ತು ಹನ್ನೊಂದನೆಯ ದಿನ ಏನಾಯಿತು ಎಂಬುದು ಮುಂದಿನ ಪ್ರಯತ್ನಕ್ಕೆ ಉಪಯುಕ್ತ ಪಾಠವಾಗುತ್ತದೆ.

ತಿಂಗಳುಗಳ ನಂತರ "ಈಗ ಹಿಡಿತಕ್ಕೆ ಬಂದಿದೆ, ವಾರಕ್ಕೊಂದು ಸೇದಬಹುದು" ಎಂಬ ಯೋಚನೆ ಬರುವುದುಂಟು. ಇದು ಅಪಾಯದ ಗಳಿಗೆ. ಬಿಟ್ಟವರು ಒಂದನ್ನೂ ಮುಟ್ಟದಿರುವುದೇ ಸುರಕ್ಷಿತ.

11. ಮನೆಯವರ ಪಾತ್ರ

ಬಿಟ್ಟ ಮೊದಲ ಎರಡು ವಾರ ವ್ಯಕ್ತಿಯು ಸಣ್ಣ ಮಾತಿಗೂ ರೇಗಬಹುದು. ಇದು ಹಿಂತೆಗೆತದ ಚಿಹ್ನೆಯೆಂದು ಮನೆಯವರು ತಿಳಿದು ತಾಳ್ಮೆ ವಹಿಸಬೇಕು. "ಇದಕ್ಕಿಂತ ಸೇದುವುದೇ ಮೇಲು" ಎಂಬ ಮಾತು ಆಡಬಾರದು. ಜೇಬು ತಡಕುವುದು, ಬಾಯಿ ಮೂಸುವುದು, ಜಾರಿದಾಗ ನೆಂಟರ ಮುಂದೆ ಹಂಗಿಸುವುದು ಇವುಗಳಿಂದ ವ್ಯಕ್ತಿಯು ಕದ್ದು ಸೇದುವುದನ್ನು ಕಲಿಯುತ್ತಾನೆಯೇ ಹೊರತು ಬಿಡುವುದಿಲ್ಲ. ಬಿಟ್ಟ ದಿನಗಳನ್ನು ಎಣಿಸಿ ಮೆಚ್ಚುಗೆ ಹೇಳುವುದು ಹೆಚ್ಚು ಫಲಕಾರಿ. ಅಂಗಡಿಯಿಂದ ಬೀಡಿ ತರಲು ಮಕ್ಕಳನ್ನು ಎಂದಿಗೂ ಕಳುಹಿಸಬಾರದು.

12. ಕಾನೂನಿನ ಅಂಶಗಳು

ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ (ಕೋಟ್ಪಾ) 2003ರಲ್ಲಿ ಅಂಗೀಕಾರವಾಯಿತು. ಅದರಡಿಯ ನಿಯಮಗಳ ಪ್ರಕಾರ 2008ರ ಅಕ್ಟೋಬರ್ 2ರಿಂದ ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಕಚೇರಿ, ಹೋಟೆಲ್, ಚಿತ್ರಮಂದಿರ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಗಿದೆ. 2013ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧಿಸಲಾಯಿತು. ರಾಷ್ಟ್ರಪತಿಗಳ ಅಂಕಿತದೊಂದಿಗೆ 2025ರಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯಿಂದ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ ದಂಡವನ್ನು 200 ರೂಪಾಯಿಗಳಿಂದ 1,000 ರೂಪಾಯಿಗಳವರೆಗೆ ಏರಿಸಲಾಗಿದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ಒಳಗೆ ಮಾರಾಟ, ಸಿಗರೇಟುಗಳ ಬಿಡಿ ಮಾರಾಟ ಮತ್ತು ಹುಕ್ಕಾ ಬಾರ್ ನಡೆಸುವುದು ನಿಷಿದ್ಧವಾಗಿದೆ.

13. ಬಿಟ್ಟ ನಂತರ ದೇಹದಲ್ಲಾಗುವ ಬದಲಾವಣೆಗಳು

- 20 ನಿಮಿಷ: ಹೃದಯದ ಬಡಿತ ಇಳಿಯುತ್ತದೆ.
- 12 ಗಂಟೆ: ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಸಹಜ ಮಟ್ಟಕ್ಕೆ ಬರುತ್ತದೆ.
- 2ರಿಂದ 12 ವಾರ: ರಕ್ತಸಂಚಾರ ಮತ್ತು ಶ್ವಾಸಕೋಶದ ಸಾಮರ್ಥ್ಯ ಸುಧಾರಿಸುತ್ತದೆ.
- 1ರಿಂದ 9 ತಿಂಗಳು: ಕೆಮ್ಮು, ಏದುಸಿರು ಕಡಿಮೆಯಾಗುತ್ತದೆ.
- 1 ವರ್ಷ: ಹೃದ್ರೋಗದ ಅಪಾಯ ಧೂಮಪಾನಿಗಳಿಗೆ ಇರುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ.
- 10 ವರ್ಷ: ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.
- 15 ವರ್ಷ: ಹೃದ್ರೋಗದ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಸಮೀಪಿಸುತ್ತದೆ.

14. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನಲವತ್ತು ವರ್ಷದಿಂದ ಸೇದಿದವರಿಗೆ ಈಗ ಬಿಟ್ಟು ಪ್ರಯೋಜನವೇನು?
ಉತ್ತರ: ಯಾವ ವಯಸ್ಸಿನಲ್ಲಿ ಬಿಟ್ಟರೂ ಪ್ರಯೋಜನವಿದೆ. ಅರವತ್ತರಲ್ಲಿ ಬಿಟ್ಟವರಿಗೂ ಆಯುಷ್ಯದ ಲಾಭವಿದೆ. ಬೇಗ ಬಿಟ್ಟಷ್ಟೂ ಲಾಭ ಹೆಚ್ಚು.

ಪ್ರಶ್ನೆ: ಒಮ್ಮೆಲೇ ಬಿಟ್ಟರೆ ಪ್ರಾಣಾಪಾಯವಿದೆಯೇ?
ಉತ್ತರ: ಇಲ್ಲ. ನಿಕೋಟಿನ್ ಹಿಂತೆಗೆತವು ಹಿಂಸೆಯೆನಿಸಿದರೂ ಪ್ರಾಣಕ್ಕೆ ಅಪಾಯಕಾರಿಯಲ್ಲ.

ಪ್ರಶ್ನೆ: ಬಿಟ್ಟರೆ ಮೈ ಬರುವುದೇ?
ಉತ್ತರ: ಮೊದಲ ವರ್ಷ ನಾಲ್ಕೈದು ಕಿಲೋ ತೂಕ ಹೆಚ್ಚಬಹುದು. ಸಿಹಿ ಮತ್ತು ಕರಿದ ತಿಂಡಿ ತಗ್ಗಿಸಿ ದಿನಕ್ಕೆ ಅರ್ಧ ಗಂಟೆ ನಡೆದರೆ ಇದನ್ನು ಮಿತಿಯಲ್ಲಿಡಬಹುದು. ಧೂಮಪಾನದ ಅಪಾಯದ ಮುಂದೆ ಈ ತೂಕದ ಅಪಾಯ ಅಲ್ಪ.

ಪ್ರಶ್ನೆ: ದಿನಕ್ಕೆ ಒಂದೆರಡು ಸೇದಿದರೆ ತೊಂದರೆಯಿಲ್ಲವೇ?
ಉತ್ತರ: ದಿನಕ್ಕೆ ಒಂದು ಸಿಗರೇಟು ಕೂಡ ಹೃದ್ರೋಗದ ಅಪಾಯವನ್ನು ಗಣನೀಯವಾಗಿ ಹೆಚ್ಚಿಸುತ್ತದೆ. ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ಪ್ರತಿ ವರ್ಷ ಮೇ 31ರಂದು ವಿಶ್ವ ತಂಬಾಕು ರಹಿತ ದಿನ ಆಚರಿಸಲಾಗುತ್ತದೆ. ಆದರೆ ಬಿಡಲು ಆ ದಿನಕ್ಕಾಗಿ ಕಾಯಬೇಕಾಗಿಲ್ಲ. ಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಎರಡು ವಾರಗಳೊಳಗಿನ ಯಾವುದಾದರೊಂದು ದಿನಕ್ಕೆ ಇಂದೇ ಗುರುತು ಹಾಕುವುದು ಮೊದಲ ಹೆಜ್ಜೆಯಾಗಿದೆ.